ಅವಳ ಕುತ್ತಿಗೆಗೆ ಗಾಳಿ ತಾಗದ ಹಾಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ಟೀ ಆಯಿತು. ಊಟದ ಡಬ್ಬಿ ಎರಡೂ ಕಟ್ಟಿದೆ. ಇವತ್ತು ಕಟ್ಟಿದ್ದು ನಾನು. ಇವಳು ಇನ್ನೂ ಚಪ್ಪಲಿಯ ಜೊತೆ ಗುದ್ದಾಡುತ್ತಿದ್ದಾಳೆ. ಪಾದ ಊದಿದೆ, ಪಟ್ಟಿ ಕೂರುತ್ತಿಲ್ಲ. ಪಾದ ಊದಿಲ್ಲ, ಚಪ್ಪಲಿ ಕುಗ್ಗಿದೆ ಎಂದು ವಾದ. ನೀರಿಗೆ ಬಿದ್ದ ಚರ್ಮ ಕುಗ್ಗುತ್ತದಂತೆ. ಇದು ರಬ್ಬರ್ ಕಣೆ ಎಂದೆ. ಹಾಗಾದರೆ ನಿಮ್ಮ ಕಣ್ಣು ಊದಿರಬೇಕು ಎಂದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ವಾದದಲ್ಲಿ ಇನ್ನೂ ಒಮ್ಮೆಯೂ ಗೆದ್ದಿಲ್ಲ.

ಸಂಜೆ 7.30

ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಮತ್ತೆ ನಿಂತಳು. ಅಲ್ಲಿಯವರ ಹೂಕುಂಡ ನೋಡುವ ನೆಪ. ಆ ಕುಂಡದಲ್ಲಿದ್ದ ಗಿಡ ಸತ್ತು ಆರು ತಿಂಗಳಾಯಿತು. ಬರೀ ಮಣ್ಣು. ಮಣ್ಣನ್ನೇ ಎರಡು ನಿಮಿಷ ಮೆಚ್ಚಿಕೊಂಡಳು. ನಾನೂ ಪಕ್ಕದಲ್ಲಿ ನಿಂತು ಮೆಚ್ಚಿದೆ. ತುಟಿ ಸ್ವಲ್ಪ ನೀಲಿಯಾಗಿತ್ತು. ಬೆಳಕು ಸರಿಯಿಲ್ಲ ಅಂದುಕೊಂಡೆ. ಮೂರನೇ ಮಹಡಿಗೆ ಬಂದು ದೀಪ ಹಾಕಿದ ಮೇಲೂ ನೀಲಿಯೇ.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಆರ್ಡರ್ ಮುಗಿಯಲಿ ಎಂದಳು.

ಮಾರ್ಚ್ 7, ಶುಕ್ರವಾರ

ಬ್ಯಾಂಡಿನವರ ಆರ್ಡರ್. ನಲವತ್ತು ತುತ್ತೂರಿ, ಹದಿನೈದರೊಳಗೆ. ವರ್ಕ್‌ಶಾಪಿನಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಹಿತ್ತಾಳೆ ತಗಡು ಕತ್ತರಿಸಿ, ಸುತ್ತಿ, ಬೆಸೆಯುವುದು ನಾನು. ಪಾಲಿಶ್ ಆದ ಮೇಲೆ ಅಂಟಿದ ಮೇಣ, ಜಿಡ್ಡು ತೆಗೆಯುವುದು ಇವಳು. ತೊಟ್ಟಿಯ ತಳದಲ್ಲಿ ಟ್ರೈಕ್ಲೋ ಕುದಿಯುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದ ಹಬೆ. ತುತ್ತೂರಿಯನ್ನು ಹಬೆಯೊಳಗೆ ಇಳಿಸಿ ಎತ್ತಿದರೆ ಜಿಡ್ಡು ಮಾಯ. ಟ್ರೈಕ್ಲೋ ಎಂದು ನಾವು ಕರೆಯುವುದು. ಪೂರ್ತಿ ಹೆಸರು ಡ್ರಮ್ಮಿನ ಮೇಲಿದೆ, ಒಂದೂವರೆ ಗೇಣು ಉದ್ದ. ಯಾರೂ ಕೊನೆವರೆಗೆ ಓದಿದವರಿಲ್ಲ.

ಇವಳು ಕೊಕ್ಕೆ ಬಳಸುವುದಿಲ್ಲ. ಕೊಕ್ಕೆಗೆ ಹಾಕಿದರೆ ನಿಧಾನ, ತುತ್ತೂರಿಯ ಬಾಯಿಯ ಅಂಚು ನಗ್ಗುತ್ತದೆ. ಬಗ್ಗಿ ಕೈಯಲ್ಲೇ ಇಳಿಸಿ, ಕೈಯಲ್ಲೇ ಎತ್ತುತ್ತಾಳೆ. ಇವಳು ತೊಳೆದ ತುತ್ತೂರಿಯಲ್ಲಿ ಮುಖ ನೋಡಿ ಗಡ್ಡ ಹೆರೆಯಬಹುದು. ಹೀಗೆಂದು ಮ್ಯಾನೇಜರ್ ಎಲ್ಲರೆದುರು ಹೇಳಿದರು. ಮೂಗಿನ ಹೊಳ್ಳೆ ಅರಳಿಸಿಕೊಂಡು ಮನೆವರೆಗೂ ಬಂದಳು.

ಮ್ಯಾನೇಜರ್ ನನ್ನ ತಗಡನ್ನೂ ಹೊಗಳಿದ್ದರು. ಆರು ವರ್ಷದ ಹಿಂದಿನ ಮಾತು. ತೊಟ್ಟಿಯ ಹಿಂದಿನ ಅಂಚಿನುದ್ದಕ್ಕೂ ಒಂದು ಸೀಳು, ಅದರೊಳಗಿಂದ ಚಾವಣಿಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಎಳೆತಕ್ಕೆ ಬಾಗಿಲಿನ ತಣ್ಣನೆ ಗಾಳಿ ನೇರ ಇವಳ ಕುತ್ತಿಗೆಗೆ ಹೊಡೆಯುತ್ತಿತ್ತು. ಸಂಜೆಯಾದರೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ನನ್ನ ಹೆಂಡತಿಯ ಕುತ್ತಿಗೆ ನೋವಿಗೆ ನಾನಲ್ಲದೆ ಇನ್ಯಾರು? ಅಳತೆ ತೆಗೆದೆ. ತಗಡು ಕತ್ತರಿಸಿದೆ. ಕೈ ಕುಯ್ಯದಂತೆ ಅಂಚು ಮಡಚಿದೆ. ಆ ಸೀಳಿಗೆ ಅಡ್ಡಲಾಗಿ ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಎರಡು ಬೆರಳಷ್ಟು ಜಾಗ ಬಿಟ್ಟು. ಗಾಳಿ ನಿಂತಿತು. ಕುತ್ತಿಗೆ ನೋವೂ ಹೋಯಿತು. ಟ್ರೈಕ್ಲೋ ಡ್ರಮ್ಮು ಮೊದಲಿಗಿಂತ ಹತ್ತು ದಿನ ಹೆಚ್ಚು ಬರತೊಡಗಿತು. ಪಾಲಿಶಿನವರು ಆ ತಗಡಿಗೆ ‘ಗಂಡನ ಪ್ರೀತಿ’ ಎಂದು ಹೆಸರಿಟ್ಟರು. ಇವಳು ನಾಚಿದಂತೆ ಮಾಡಿ ಎಲ್ಲರಿಗೂ ತೋರಿಸುತ್ತಿದ್ದಳು.

ಈ ಅಳತೆ ಪುಸ್ತಕದ ಮುಂದಿನ ಕಡೆ ಆ ತಗಡಿನ ಚಿತ್ರ ಇನ್ನೂ ಇದೆ. ಹಿಂದಿನ ಕಡೆಯಿಂದ ಹೀಗೆ ನನ್ನ ಗೀಚಾಟ.

ಕೂದಲು ಬಾಚಿ ಪಕ್ಕದಲ್ಲಿ ಮಲಗಿದ್ದಾಳೆ. ಅದೇ ಸಿಹಿ ವಾಸನೆ. ಈ ವಾಸನೆ ಇಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾಳೆ ಎಂದು ಹೇಳಿಲ್ಲ.

ಮಾರ್ಚ್ 19, ಬುಧವಾರ

ಬರೆಯಲು ಆಗಿರಲಿಲ್ಲ. ಹದಿಮೂರರಂದು ಮೆಟ್ಟಿಲಲ್ಲಿ ಬಿದ್ದಳು. ಎರಡನೇ ಮಹಡಿಯಲ್ಲಿ, ಅದೇ ಕುಂಡದ ಹತ್ತಿರ. ಒಂದು ನಿಮಿಷ ಎಚ್ಚರವೇ ಇರಲಿಲ್ಲ. ಆ ಒಂದು ನಿಮಿಷದಲ್ಲಿ ನಾನು ಏನೇನು ಕೂಗಿದೆನೋ ನೆನಪಿಲ್ಲ. ಎಲ್ಲ ಬಾಗಿಲೂ ತೆರೆದವು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು — ಡಬ್ಬಿ ಚೆಲ್ಲಿತಾ?

ಆಸ್ಪತ್ರೆಯಲ್ಲಿ ಕೊಳವೆಗೆ ಉಸಿರು ಊದುವ ಪರೀಕ್ಷೆ ಮಾಡಿದರು. ಚೆನ್ನಾಗಿಯೇ ಊದಿದಳು. ಎಕ್ಸ್‌ರೇಯಲ್ಲೂ ಅಂಥದ್ದೇನಿಲ್ಲ. ಹೃದಯದ ಸ್ಕ್ಯಾನಿನಲ್ಲಿ ಸಿಕ್ಕಿತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಬಹಳ ಹೆಚ್ಚಂತೆ, ಹೃದಯದ ಬಲಭಾಗ ದಣಿದು ಹಿಗ್ಗಿದೆಯಂತೆ. ಪಾದ ಊದಿದ್ದೂ ಅದಕ್ಕೇ. ಹಾಗಾದರೆ ಚಪ್ಪಲಿ ಕುಗ್ಗಿರಲಿಲ್ಲ ಅಲ್ಲವೇ ಎಂದೆ. ಗೆದ್ದಿರಿ, ಖುಷಿಯಾಯ್ತಾ ಎಂದಳು. ಆಗಲಿಲ್ಲ.

ನಾಳ ಹಿಗ್ಗಿಸುವ ಮಾತ್ರೆ ಕೊಟ್ಟಿದ್ದಾರೆ. ಇಂಥ ಕಾಯಿಲೆಗೆಲ್ಲ ಅದೇ ಮದ್ದಂತೆ.

ಮಾರ್ಚ್ 23, ಭಾನುವಾರ. ಆಸ್ಪತ್ರೆ

ಮಾತ್ರೆ ನುಂಗಿ ಎರಡು ದಿನಕ್ಕೆ ಎದೆಯಲ್ಲಿ ಗೊರಗೊರ ಶಬ್ದ. ಮಲಗಿದರೆ ಮುಳುಗಿದ ಹಾಗಾಗುತ್ತದೆ ಎಂದಳು. ಶ್ವಾಸಕೋಶದಲ್ಲಿ ನೀರು. ಈಗ ಮೂಗಿಗೆ ಆಮ್ಲಜನಕದ ಕೊಳವೆ. ಮಾತ್ರೆ ನಿಲ್ಲಿಸಿದರು. ನೀರು ಇಳಿಯುತ್ತಿದೆ.

ಇಲ್ಲಿನ ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಮಾತ್ರೆ ರಕ್ತ ಬರುವ ಕಡೆಯ ನಾಳ ಹಿಗ್ಗಿಸಿತು. ಹೆಚ್ಚು ರಕ್ತ ನುಗ್ಗಿತು. ಆದರೆ ಹೋಗುವ ಕಡೆಯ ಸಣ್ಣ ಸಣ್ಣ ನಾಳಗಳು ಒಳಗಿನಿಂದ ದಪ್ಪವಾಗಿ ಮುಚ್ಚಿಕೊಂಡಿವೆ... ಅವರು ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಮಾಡಿನ ಅಂಚಿಗೆ ಮಳೆನೀರು ಹರಿಯುವ ದೋಣಿ ಕೂರಿಸಿದವನು ನಾನು. ಇಳಿಯುವ ಪೈಪ್ ಕಟ್ಟಿದ್ದರೆ ನೀರು ಮನೆಯೊಳಗೇ ಬರುವುದು.

ಕಾಯಿಲೆ ಅಪರೂಪದ್ದಂತೆ. ಇವಳಿಗೆ ಹೇಳಿದೆ. “ನೋಡಿ, ಕಾಯಿಲೆಯಲ್ಲೂ ನಾನು ಮಾಮೂಲಿ ಮಾಲಲ್ಲ” ಎಂದಳು.

ಮಾರ್ಚ್ 29, ಶನಿವಾರ

ಇವತ್ತು ಡಾಕ್ಟರಮ್ಮ ಕೆಲಸದ ಬಗ್ಗೆ ಕೇಳಿದರು. ಪಾಲಿಶ್, ತೊಟ್ಟಿ, ಟ್ರೈಕ್ಲೋ, ಎಲ್ಲ ಹೇಳಿದಳು. ಪೂರ್ತಿ ಹೆಸರು ಏನು ಎಂದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ವರ್ಕ್‌ಶಾಪಿಗೆ ಹೋಗಿ ಡ್ರಮ್ಮಿನ ಮೇಲಿನದನ್ನು ಈ ಪುಸ್ತಕದಲ್ಲಿ ಬರೆದು ತಂದೆ — ಟ್ರೈಕ್ಲೋರೋಎಥಿಲೀನ್. ಅವರು ಪೆನ್ನು ಕೆಳಗಿಟ್ಟರು. ಈ ಜಿಡ್ಡು ತೆಗೆಯುವ ದ್ರವದ ಹಬೆ ವರ್ಷಗಟ್ಟಲೆ ಕುಡಿದವರಲ್ಲಿ ಈ ಕಾಯಿಲೆ ಕಂಡಿದ್ದಾರಂತೆ. ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲಿ ಹಬೆ ತಪ್ಪಿಸಿದರೆ ಕೆಲವರಿಗೆ ಅಲ್ಲಿಗೇ ನಿಲ್ಲಬಹುದು. ಮುಚ್ಚಿದ ನಾಳ ತೆರೆಸುವ ಮದ್ದು ಮಾತ್ರ ಇಲ್ಲ. ಕೊನೆಗೆ ಬೇರೆಯವರ ಶ್ವಾಸಕೋಶ ಹಾಕುವುದೊಂದೇ ದಾರಿ.

ತೊಟ್ಟಿಯ ಹತ್ತಿರ ಗಾಳಿ ಹೊರಗೆ ಹಾಕುವ ವ್ಯವಸ್ಥೆ ಇದೆಯಾ ಎಂದು ನನ್ನನ್ನು ಕೇಳಿದರು.

ಇದೆ ಎಂದೆ. ಫ್ಯಾನ್ ಇದೆ, ದಿನವಿಡೀ ತಿರುಗುತ್ತದೆ ಎಂದೆ.

ಸುಳ್ಳಲ್ಲ. ಫ್ಯಾನ್ ತಿರುಗುತ್ತದೆ.

ನಡಿಗೆಯ ಪರೀಕ್ಷೆಯೂ ಆಯಿತು. ಕಾರಿಡಾರಿನಲ್ಲಿ ಆರು ನಿಮಿಷ, ಎಷ್ಟು ದೂರ ಆಗುತ್ತೋ ಅಷ್ಟು. ಇನ್ನೂರ ಅರವತ್ತೆಂಟು ಮೀಟರ್.

ಬಸ್ಸಿನಲ್ಲಿ ಬರುವಾಗ ಇದ್ದಕ್ಕಿದ್ದಂತೆ ಹೊಳೆಯಿತು. ಡ್ರಮ್ಮು ಹತ್ತು ದಿನ ಹೆಚ್ಚು ಬಂತು. ಹೊರಗೆ ಹೋಗಬೇಕಾದ ಹಬೆ ಹೋಗಲಿಲ್ಲ ಎಂದು ತಾನೇ ಅರ್ಥ? ಹಾಗಾದರೆ ಎಲ್ಲಿಗೆ ಹೋಯಿತು? ಇವಳು ಬಗ್ಗಿ ನಿಲ್ಲುತ್ತಿದ್ದಳು.

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 7.05

ಡಾಕ್ಟರಮ್ಮ ಬರೆದ ಪತ್ರಕ್ಕೆ ಕಾರ್ಖಾನೆ ಇನ್‌ಸ್ಪೆಕ್ಟರ್ ಇವತ್ತು ಬರುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಬಂದೆ. ಸ್ಕ್ರೂ ನಾಲ್ಕೂ ಬಿಚ್ಚಿದೆ. ತಗಡನ್ನು ನನ್ನ ಬೆಂಚಿನ ಕೆಳಗೆ ಹಳೆ ಚೂರುಗಳ ಜೊತೆ ತಳ್ಳಿದೆ. ಸ್ಕ್ರೂ ಇದ್ದ ತೂತಿಗೆ ಮೇಣ ತುಂಬಿದೆ.

ಯಾಕೆ? ಯಾರೂ ಹೇಳಿಲ್ಲ. ಮ್ಯಾನೇಜರ್ ಕೂಡ ಹೇಳಿಲ್ಲ. ಒಬ್ಬರು ಹೊರಗಿನವರು ಬಂದು ಅದನ್ನು ಬೆರಳು ಮಾಡಿ, ಇದು ಯಾರ ಕೆಲಸ ಎಂದು ಕೇಳಿದರೆ, ನನ್ನದು ಎನ್ನಲು ನನ್ನಿಂದಾಗದು.

ಮಧ್ಯಾಹ್ನ 1.15

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. ತೊಟ್ಟಿಯ ಹತ್ತಿರ ಈಗ ನಿಲ್ಲುವ ಹೊಸಬಳ ಕಾಲರಿಗೆ ಹಬೆ ಅಳೆಯುವ ಮೀಟರ್ ಸಿಕ್ಕಿಸಿ ಮೂರು ಗಂಟೆ ಕಾದರು. ಕಾಗದದ ಚೂರು ಹಿಡಿದು ಸೀಳಿನ ಎಳೆತ ನೋಡಿದರು. ಚೂರು ಸರಕ್ಕನೆ ಒಳಗೆ ಹೋಯಿತು. ತಲೆಯಾಡಿಸಿದರು. ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು ತಗಡಿನ ಕಡೆ ನೋಡಿದೆ — ಕೈಯಲ್ಲಿದ್ದ ತಗಡು.

ಏಪ್ರಿಲ್ 17, ಗುರುವಾರ

ವರದಿ ಬಂತು. ಹಬೆ ಮಿತಿಯೊಳಗಿದೆ, ಗಾಳಿ ಸಮರ್ಪಕ. ಡಾಕ್ಟರಮ್ಮ ಎರಡು ಸಲ ಓದಿದರು. ಹಾಗಾದರೆ ಟ್ರೈಕ್ಲೋದಿಂದ ಇರಲಾರದು ಎಂದರು. ಇದು ಒಮ್ಮೊಮ್ಮೆ ವಂಶದಲ್ಲೂ ಬರುತ್ತದಂತೆ. ಇವಳ ರಕ್ತದ ಜೊತೆ ಮಗಳ ರಕ್ತವನ್ನೂ ನೋಡೋಣ ಎಂದರು. ಯಾವುದಕ್ಕೂ.

ಏನಾದರೂ ಹೇಳಲು ಬಾಯಿ ತೆರೆದೆ. ಹೂಂ ಎಂದೆ.

ಏಪ್ರಿಲ್ 19, ಶನಿವಾರ

ಮಗಳು ಸ್ಕೂಲಿನಿಂದ ನೇರ ಬಂದಳು. ಕುತ್ತಿಗೆಯಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಮಕ್ಕಳಿಗೆ ಆಟ ಕಲಿಸುವ ಟೀಚರ್, ದಿನಕ್ಕೆ ಹತ್ತು ಸುತ್ತು ಮೈದಾನ ಓಡುವವಳು. ರಕ್ತ ಕೊಡಲು ಕೂತಾಗ ಮುಖ ಆಚೆ ತಿರುಗಿಸಿಕೊಂಡಳು. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದದ್ದು ನಾನು. ಚಿಕ್ಕವಳಿದ್ದಾಗಲೂ ನಾನೇ ಹಿಡಿಯುತ್ತಿದ್ದೆ.

ಮನೆಗೆ ಬರುವಾಗ ನನ್ನ ಮುಂದೆ ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯಲ್ಲಿ ನಿಂತಳು. ಎರಡು ಬೆರಳು ಕುತ್ತಿಗೆಗೆ ಒತ್ತಿ ಬಡಿತ ಎಣಿಸಿದಳು. ಎರಡನೆಯದರಲ್ಲೂ ನಿಂತಳು.

“ಅಪ್ಪಾ, ನಂಗೂ ಉಸಿರು ಕಟ್ಟಿದ ಹಾಗೆ ಆಗ್ತಿದೆ. ಹೋದ ವಾರದಿಂದ. ಅಮ್ಮಂಗೆ ಹೇಳ್ಬೇಡ.”

ಏನೂ ಇಲ್ಲ ಕಣಮ್ಮ, ಹೆದರಿಕೆಗೆ ಹಾಗಾಗುತ್ತದೆ ಎಂದೆ. ನನಗೆ ಗೊತ್ತಿರುವುದನ್ನು ಹೇಳಿದ್ದರೆ ಅವಳ ಉಸಿರು ಅಲ್ಲೇ ಸರಿಹೋಗುತ್ತಿತ್ತು. ಹೇಳಲಿಲ್ಲ. ಇಷ್ಟು ದಿನ ನನ್ನನ್ನು ನಾನು ಸಾಧು ಮನುಷ್ಯ ಅಂದುಕೊಂಡಿದ್ದೆ. ಹಾಗಿಲ್ಲ.

ಏಪ್ರಿಲ್ 22, ಮಂಗಳವಾರ

ಊಟದ ಹೊತ್ತಿನಲ್ಲಿ ತೊಟ್ಟಿಯ ಹೊಸಬಳು ನನ್ನ ಬೆಂಚಿಗೆ ಬಂದಳು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದಳು. ಬಾಗಿಲಿನ ಗಾಳಿಯ ದೂರು.

“ಅಕ್ಕಂಗೆ ಏನೋ ತಗಡು ಮಾಡಿಕೊಟ್ಟಿದ್ರಂತಲ್ಲ ಅಣ್ಣ. ನಂಗೂ ಒಂದು ಮಾಡಿಕೊಡಿ. ಪುಣ್ಯ ಬರುತ್ತೆ.”

ಅದು ಬೆಂಚಿನ ಕೆಳಗೇ ಇತ್ತು. ಅವಳ ಕಾಲಿನಿಂದ ಒಂದು ಗೇಣು. ನಾನು ಕೊಡದಿದ್ದರೂ ಯಾರೋ ಒಬ್ಬರು ಹುಡುಕಿ ತೆಗೆದು ಕೂರಿಸುತ್ತಾರೆ. ಅದು ಒಳ್ಳೆಯದು ಎಂದೇ ಎಲ್ಲರೂ ತಿಳಿದಿದ್ದಾರೆ. ನಾನೇ ಹಾಗೆ ತಿಳಿಸಿದ್ದು.

ಆಗುವುದಿಲ್ಲ ಎಂದೆ. ಯಾಕೆ ಎಂದಳು. ಸಿಡುಕಿಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಅಣ್ಣನ ಪ್ರೀತಿಯೆಲ್ಲ ಒಬ್ಬಳಿಗೇ ಎಂದು ಪಾಲಿಶಿನವರು ನಕ್ಕರು.

ಏಪ್ರಿಲ್ 23, ಬುಧವಾರ. ಸಂಜೆ 6

ಹೇಳಿದೆ.

ಹಾಸಿಗೆಯ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಈಗ ಅವಳಿಗೆ ಆಗುವ ಕೆಲಸ ಅದೊಂದೇ. ಅದನ್ನೂ ನಾಲ್ಕು ಬಟ್ಟೆಗೊಮ್ಮೆ ನಿಲ್ಲಿಸುತ್ತಾಳೆ. ನಾನು ಬಾಗಿಲಲ್ಲೇ ನಿಂತು ಶುರುಮಾಡಿದೆ. ಶರ್ಟಿನ ಗುಂಡಿ ಬಿಚ್ಚುತ್ತ, ಹಾಕುತ್ತ.

“ಆ ತಗಡು ಇತ್ತಲ್ಲ. ಇನ್‌ಸ್ಪೆಕ್ಟರ್ ಬರೋ ದಿನ ನಾನೇ ಬಿಚ್ಚಿಟ್ಟೆ.”

ಬಿಚ್ಚಿದರೆ ಏನಾಯಿತು ಎಂದಳು.

“ಅದು ಇರೋವಾಗ ಹಬೆ ಹೊರಗೆ ಹೋಗ್ತಿರ್ಲಿಲ್ಲ ಕಣೆ. ನಿನ್ನ ಮುಖಕ್ಕೆ ಬರ್ತಿತ್ತು. ಆರು ವರ್ಷ.”

ಕೈಯಲ್ಲಿದ್ದ ಟವೆಲ್ ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಬೈದರೂ ಆಗುತ್ತಿತ್ತು.

“ಮಗಳು ರಕ್ತ ಕೊಟ್ಟಳಲ್ಲ” ಎಂದಳು. “ಆಗ ಹತ್ತಿ ಹಿಡ್ಕೊಂಡು ನಿಂತಿದ್ದು ನೀವೇ.”

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಮಡಚಿದ ಬಟ್ಟೆ ಕಾಲ ಹತ್ತಿರವೇ ಇತ್ತು. ತೆಗೆದು ಬೀರುವಿನಲ್ಲಿಟ್ಟೆ. ತಪ್ಪು ಖಾನೆಯಲ್ಲಿಟ್ಟೆ ಎಂದು ಈಗ ಗೊತ್ತಾಯಿತು.

ಏಪ್ರಿಲ್ 24, ಗುರುವಾರ

ಮಾತಿಲ್ಲ. ಟೀ ಇಟ್ಟರೆ ಕುಡಿಯುತ್ತಾಳೆ. ಲೋಟ ವಾಪಸ್ ಕೊಡುವಾಗ ನನ್ನ ಕೈ ತಪ್ಪಿಸಿ ಮೇಜಿನ ಮೇಲಿಡುತ್ತಾಳೆ.

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ 8

ಬಾಚಣಿಗೆ ತಂದು ನನ್ನ ಮುಂದೆ ಹಿಡಿದಳು. ಕೈ ಮೇಲೆತ್ತಿದರೆ ಏದುಸಿರು ಬರುತ್ತದೆ. ಎರಡು ದಿನದಿಂದ ತಲೆ ಬಾಚಿರಲಿಲ್ಲ. ಕುರ್ಚಿಯಲ್ಲಿ ಕೂತು ಬೆನ್ನು ತಿರುಗಿಸಿದಳು. ಬಾಚತೊಡಗಿದೆ. ಎರಡು ಸಲ ಎಳೆದೆ. ಎರಡು ಸಲವೂ ಹಾ ಎಂದಳು. ಸಿಕ್ಕು ಬಿಡಿಸಲು ಬಾಚಣಿಗೆ ಸಾಕೋ, ಅದಕ್ಕೂ ತಗಡು ಕತ್ತರಿ ಬೇಕೋ ಎಂದು ಕೇಳಿದಳು. ಎರಡು ದಿನದ ಮೇಲೆ ಮೊದಲ ಮಾತು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಮುಖ ಕಾಣದ ಹಾಗೆ ಕೂತಿದ್ದಳು, ಒಳ್ಳೆಯದೇ ಆಯಿತು.

ಜಡೆ ಅರ್ಧ ಆಗಿತ್ತು. ಹಾಗೇ ಕೂತು ಹೇಳಿದಳು, ನಡುನಡುವೆ ಉಸಿರು ತೆಗೆದುಕೊಂಡು.

“ಗಾಳಿ ಬೇಡ ಅಂದಿದ್ದು ನಾನು. ಮರೆ ಮಾಡಿದ್ದು ನೀವು. ಅದರಲ್ಲಿ ಅರ್ಧ ನಂದು, ಇಟ್ಕೋತೀನಿ. ಬಿಚ್ಚಿ ಮುಚ್ಚಿಟ್ಟಿದ್ದು ಮಾತ್ರ ಪೂರ್ತಿ ನಿಮ್ಮದು. ಅದನ್ನ ನೀವೇ ಹೋಗಿ ಹೇಳ್ಬೇಕು. ಮೊದಲು ಮಗಳಿಗೆ.”

ಆಯ್ತು ಎಂದೆ.

“ಜಡೆ ಸೊಟ್ಟಗಿದೆ” ಎಂದಳು. ಹಿಂದೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

ಏಪ್ರಿಲ್ 28, ಸೋಮವಾರ

ಮಗಳಿಗೆ ನಿನ್ನೆ ಹೇಳಿದೆ. ಕೇಳಿಸಿಕೊಂಡಳು. ಸರಿ ಎಂದಷ್ಟೇ ಹೇಳಿ ಎದ್ದು ಹೋದಳು. ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಎಲ್ಲೂ ನಿಲ್ಲದೆ ಇಳಿದಳು. ಆಮೇಲೆ ಫೋನ್ ಎತ್ತುತ್ತಿಲ್ಲ.

ಇವತ್ತು ಇನ್‌ಸ್ಪೆಕ್ಟರ್ ಆಫೀಸು. ಇವಳೂ ಹಠ ಹಿಡಿದು ಬಂದಳು, ಆಸ್ಪತ್ರೆಯ ಚಿಕ್ಕ ಆಮ್ಲಜನಕದ ಸಿಲಿಂಡರ್ ಹೆಗಲಿಗೆ ಹಾಕಿಕೊಂಡು. ಆಫೀಸು ಮೊದಲ ಮಹಡಿ, ಲಿಫ್ಟಿಲ್ಲ. ಕೆಳಗೆ ಬೆಂಚಿನ ಮೇಲೆ ಕೂತಳು. ನಾನು ಹೋಗಿ ಹೇಳಿ ಬರುವವರೆಗೆ ಅಲ್ಲೇ ಇರುತ್ತಾಳಂತೆ, ತಪ್ಪಿಸಿಕೊಂಡು ಓಡಲು ಇನ್ನೊಂದು ಬಾಗಿಲಿಲ್ಲ ಎಂದು ಮೊದಲೇ ನೋಡಿಕೊಂಡಿದ್ದಾಳಂತೆ.

ತಗಡನ್ನು ಪೇಪರಿನಲ್ಲಿ ಸುತ್ತಿ ಒಯ್ದಿದ್ದೆ. ಮೇಜಿನ ಮೇಲಿಟ್ಟೆ. ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ, ಮಡಚಿದ ಅಂಚಿನ ಮೇಲೆ ಬೆರಳಾಡಿಸಿದರು. ಅಚ್ಚುಕಟ್ಟಾದ ಕೆಲಸ ಎಂದರು. ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ. ಎಲ್ಲ ಬರೆದುಕೊಂಡರು — ಯಾವಾಗ ಕೂರಿಸಿದ್ದು, ಯಾಕೆ, ಬಿಚ್ಚಿದ್ದು ಎಷ್ಟು ಗಂಟೆಗೆ. ಮ್ಯಾನೇಜರಿಗೆ ಗೊತ್ತಿತ್ತಾ ಎಂದರು. ಗೊತ್ತಿತ್ತು, ಹೊಗಳಿದ್ದರು ಎಂದೆ. ಸಹಿ ಹಾಕುವಾಗ ನನ್ನ ಹೆಸರಿನ ಒಂದು ಅಕ್ಷರ ಮರೆತೆ.

ಕೆಳಗೆ ಬಂದೆ. ಹೇಳಿದ್ರಾ ಎಂದಳು. ತಲೆಯಾಡಿಸಿದೆ. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮೇ 6, ಮಂಗಳವಾರ

ಇನ್‌ಸ್ಪೆಕ್ಟರ್ ಮತ್ತೆ ಬಂದರು. ತಗಡನ್ನು ನನ್ನ ಕೈಯಿಂದಲೇ ಹಾಕಿಸಿದರು. ತೊಟ್ಟಿಯ ಎದುರು ಯಾರೂ ನಿಲ್ಲಲಿಲ್ಲ. ಒಂದು ಕೋಲು ನಿಲ್ಲಿಸಿ, ಇವಳ ಮುಖದೆತ್ತರಕ್ಕೆ ಮೀಟರ್ ಕಟ್ಟಿದರು. ಎತ್ತರ ಎಷ್ಟು ಎಂದು ಕೇಳಿದಾಗ ನಾನು ಅಳೆಯಲಿಲ್ಲ. ನನ್ನ ಗಲ್ಲದ ಹತ್ತಿರ ಕೈ ಹಿಡಿದು ಇಷ್ಟು ಎಂದೆ.

ಮಿತಿಯ ಎಂಟು ಪಟ್ಟು.

ತೊಟ್ಟಿಗೆ ಬೀಗ. ಇನ್ನು ಬಿಸಿನೀರು, ಸೋಪಿನಲ್ಲಿ ತೊಳೆಯಬೇಕಂತೆ. ಹೊಸಬಳನ್ನು ಪಾಲಿಶಿಗೆ ಹಾಕಿದರು. ಅವಳಿಗೂ ಸ್ಕ್ಯಾನ್ ಮಾಡಿಸಿದ್ದಾರೆ, ಏನೂ ಇಲ್ಲ. ಹೊರಡುವಾಗ ಬಂದು ನನ್ನ ಬೆಂಚಿನ ಹತ್ತಿರ ನಿಂತಳು. ಅವತ್ತು ಮಾಡಿಕೊಡದಿದ್ದದ್ದು ಒಳ್ಳೆಯದಾಯಿತು ಎಂದಳು. ಮ್ಯಾನೇಜರ್ ಮಾತ್ರ ನಾಳೆಯಿಂದ ಬರಬೇಡ, ಕರೆದಾಗ ಬಾ ಎಂದರು. ಕತ್ತರಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡೆ. ಇಪ್ಪತ್ತಾರು ವರ್ಷದ ಬೆಂಚು. ಪಾಲಿಶಿನವರು ಯಾರೂ ತಮಾಷೆ ಮಾಡಲಿಲ್ಲ.

ಮೇ 18, ಭಾನುವಾರ

ರಕ್ತದ ವರದಿ ಬಂತು. ವಂಶದ್ದಲ್ಲ. ಮಗಳಿಗೆ ಏನೂ ಇಲ್ಲ. ಮೂರು ವಾರದ ಮೇಲೆ ಇವತ್ತು ಬಂದಳು. ಮೂರು ಮಹಡಿ ಓಡಿಕೊಂಡೇ ಹತ್ತಿದಳು, ಬೇಕೆಂದೇ, ನಮಗೆ ಕೇಳಿಸಲಿ ಎಂದು. ನನ್ನ ತಟ್ಟೆಗೆ ಬಡಿಸಿದಳು. ಉಪ್ಪು ಕೇಳಿದೆ, ಉಪ್ಪಿನ ಡಬ್ಬಿ ನನ್ನ ಮುಂದೆ ಕುಕ್ಕಿದಳು. ಕೋಪ ಇನ್ನೂ ಇದೆ. ಇರಲಿ. ಬಂದಿದ್ದಾಳಲ್ಲ.

ಇನ್ನೊಂದು. ಇವಳ ಕೂದಲಿನ ವಾಸನೆ ಹೋಗಿದೆ. ಆ ಸಿಹಿ ವಾಸನೆ. ಅದು ಇವಳದಲ್ಲ, ತೊಟ್ಟಿಯದು. ಇಷ್ಟು ವರ್ಷ ಅದಕ್ಕೆ ಮೂಗೊಡ್ಡಿ ಮಲಗಿದ್ದೆ. ಈಗ ಬರೀ ಕೂದಲು, ಬೆವರು, ಎಣ್ಣೆ. ನಿದ್ದೆ ಹತ್ತುವುದಿಲ್ಲವೇನೋ ಎಂದು ಹೆದರಿದ್ದೆ. ಹತ್ತಿತು. ಈ ವಾಸನೆಯ ಹೆಂಡತಿ ನನಗೆ ಹೊಸಬಳು. ಇವಳ ಪರಿಚಯ ಇನ್ನೂ ಪೂರ್ತಿ ಆಗಿಲ್ಲ. ಇನ್ನೂ ಬೇಕು.

ಜೂನ್ 11, ಬುಧವಾರ

ಮನೆಗೆ ಆಮ್ಲಜನಕದ ಯಂತ್ರ ಬಂದಿದೆ. ಗಾಳಿಯಿಂದಲೇ ಹಿಂಡಿ ತೆಗೆಯುತ್ತದಂತೆ. ದಿನವಿಡೀ ಗುರ್ ಗುರ್. ಇವಳು ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಾಳೆ. ನಿಮಗೆ ಎರಡನೆಯವಳು ಬಂದಾಯ್ತು, ಗೊರಕೆಯಲ್ಲಿ ನಿಮಗೆ ಸರಿಜೋಡಿ ಎನ್ನುತ್ತಾಳೆ. ಕೊಳವೆ ಐದು ಮಾರು ಉದ್ದ. ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತದೆ, ಒಳಗೆ ಬರುವುದಿಲ್ಲ. ಹೊಸ್ತಿಲಲ್ಲಿ ಸ್ಟೂಲ್ ಹಾಕಿ ಕೂತು ನನ್ನ ಅಡುಗೆಯನ್ನು ಬೈಯುತ್ತಾಳೆ. ನೀರು ಹೆಚ್ಚು, ಉರಿ ಹೆಚ್ಚು, ಬುದ್ಧಿ ಕಡಿಮೆ. ಕೇಳುತ್ತ ಬೇಯಿಸುತ್ತೇನೆ. ಬೈಗುಳದ ನಡುವೆ ಉಸಿರಿಗೆ ನಿಲ್ಲಿಸಿದಾಗ ನಾನೂ ಸೌಟು ನಿಲ್ಲಿಸುತ್ತೇನೆ.

ನಡಿಗೆ — ಇನ್ನೂರ ಇಪ್ಪತ್ತಾರು. ಮಾರ್ಚಿನಿಂದ ನಲವತ್ತೆರಡು ಮೀಟರ್ ಇಳಿದಿದೆ. ಬದಲಿ ಶ್ವಾಸಕೋಶದ ಪಟ್ಟಿಯಲ್ಲಿ ಇವಳ ಹೆಸರು ಸೇರಿದೆ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಜುಲೈನಲ್ಲಿ ಮತ್ತೆ ನಡೆಸುತ್ತೇವೆ ಎಂದರು. ಇನ್ನೂ ಇಳಿದರೆ ಕಾಯಿಲೆ ಓಡುತ್ತಿದೆ ಎಂದು ಅರ್ಥ. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕಾಯಬೇಕು. ಕಾಯಲು ಆಗುತ್ತದೋ ಇಲ್ಲವೋ ಹೇಳಲಾರರು. ಇಳಿಯದಿದ್ದರೆ ಹಬೆಯಿಂದ ದೂರವಾದದ್ದು ಫಲಿಸಿತು ಎಂದು. ಮನೆಯಲ್ಲೇ ಇದ್ದು ಕಾಯಬಹುದು.

ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಕೂತಳು. ಹೆದರಿಕೆ ಆಗುತ್ತಿದೆ ಎಂದಳು. ಇಷ್ಟು ದಿನದಲ್ಲಿ ಮೊದಲ ಸಲ. ನನಗೂ ಎಂದೆ. ಸುಳ್ಳು ಹೇಳಿ ಸಾಕಾಗಿದೆ.

ಜುಲೈ 14, ಸೋಮವಾರ. ಬೆಳಿಗ್ಗೆ 10.40. ಆಸ್ಪತ್ರೆಯ ಕಾರಿಡಾರ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪರೀಕ್ಷೆಗೆ ನಡೆಯುವವರ ಜೊತೆ ಮಾತಾಡುವ ಹಾಗಿಲ್ಲ. ಹುರಿದುಂಬಿಸುವ ಹಾಗಿಲ್ಲ. ಎದ್ದು ಹೋಗಿ ಹಿಡಿಯುವ ಹಾಗಂತೂ ಇಲ್ಲವೇ ಇಲ್ಲ. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ಎದ್ದುಬಿಡುತ್ತೇನೆ. ಬೆಂಚಿನಿಂದ ಆ ಬಾಗಿಲಿಗೆ ಇಪ್ಪತ್ತು ಮೀಟರ್. ಆರು ನಿಮಿಷ. ಹನ್ನೊಂದು ಸಲಕ್ಕೆ ಇನ್ನೂರ ಇಪ್ಪತ್ತು. ಹನ್ನೆರಡು ಆದರೆ ಜೂನಿನದನ್ನು ದಾಟಿದಂತೆ, ಕಾಯಿಲೆ ನಿಂತಿದೆ ಎಂದು ಅರ್ಥ.

ಹೊರಟಳು. ಪಕ್ಕದಲ್ಲಿ ನರ್ಸು, ಗಾಲಿಯ ಸಿಲಿಂಡರ್ ಎಳೆಯುತ್ತ.

ಒಂದು. ಎರಡು. ನನ್ನ ಕಡೆ ನೋಡಲಿಲ್ಲ. ತೊಟ್ಟಿಯ ಮುಂದೆ ನಿಂತಾಗಲೂ ಹೀಗೇ, ಬ್ರಹ್ಮ ಬಂದು ಕರೆದರೂ ತಿರುಗುತ್ತಿರಲಿಲ್ಲ.

ನಾಲ್ಕು. ಜಡೆ ಇವತ್ತು ನೇರವಾಗಿ ಬಂದಿದೆ. ಬೆಳಿಗ್ಗೆ ಎರಡು ಸಲ ಬಿಚ್ಚಿ ಹಾಕಿದೆ.

ಆರು. ಮಗಳು ಮೆಸೇಜ್ ಮಾಡಿದ್ದಾಳೆ — ಎಷ್ಟಾಯ್ತು ಅಪ್ಪಾ. ಅಪ್ಪಾ ಎಂದು ಬರೆದಿದ್ದಾಳೆ. ಆಮೇಲೆ ಉತ್ತರ ಕೊಡುತ್ತೇನೆ.

ಎಂಟು. ತಿರುಗಿ ಹೋಗುತ್ತ ನಿಧಾನವಾದಳು. ತುಟಿ ಬಣ್ಣ ಇಲ್ಲಿಂದ ಕಾಣುವುದಿಲ್ಲ.

ಒಂಬತ್ತು. ಆ ಬಾಗಿಲ ಹತ್ತಿರ ನಿಂತಳು. ಗೋಡೆಗೆ ಕೈ. ಗಡಿಯಾರ ನಿಲ್ಲುವುದಿಲ್ಲ, ಅದು ಓಡುತ್ತಲೇ ಇರುತ್ತದೆ, ನಿಯಮ. ನರ್ಸು ಏನೋ ಕೇಳುತ್ತಿದ್ದಾಳೆ. ಇವಳು ತಲೆ ಅಲ್ಲಾಡಿಸುತ್ತಿದ್ದಾಳೆ. ಬೇಡ ಎಂದೋ, ಆಗುವುದಿಲ್ಲ ಎಂದೋ. ನಡಿ ಕಣೆ. ಬೇಡ, ಕೂತುಬಿಡು. ಇಲ್ಲ, ನಡಿ.

ಹೊರಟಳು.

ಹತ್ತು. ನನ್ನ ಮುಂದೆಯೇ ತಿರುಗಿದ್ದು. ಕೈ ಚಾಚಿದ್ದರೆ ಸಿಗುತ್ತಿದ್ದಳು. ಚಾಚಲಿಲ್ಲ. ಉಸಿರು ಕೇಳಿಸಿತು.

ಹನ್ನೊಂದು. ಇನ್ನೂ ಹೊತ್ತಿದೆ. ನರ್ಸು ಗಡಿಯಾರ ನೋಡಿದಳು, ಸಾಕು ಅನ್ನಲಿಲ್ಲ. ಬರುತ್ತಿದ್ದಾಳೆ. ಈ ಸಲ ನನ್ನನ್ನೇ ನೋಡುತ್ತ ಬರುತ್ತಿದ್ದಾಳೆ. ಅರ್ಧ ದಾಟಿದಳು. ನಗುತ್ತಿದ್ದಾಳಾ? ನಗುತ್ತಿದ್ದಾಳೆ.

ಹನ್ನೆರಡು.

ಹೊತ್ತು ಮುಗಿದಿಲ್ಲ. ನಿಲ್ಲಲಿಲ್ಲ. ತಿರುಗಿದಳು, ಮತ್ತೆ ಹೊರಟಳು, ನನ್ನವಳು.